ಎರಡಕ್ಕೇ ಬಂದ ಕೆಮ್ಮು

ಫೆಬ್ರವರಿ ೨೧, ಶುಕ್ರವಾರ. ಕಂಪ್ಲಿ.

ನನಗೆ ಕೆಮ್ಮಿಲ್ಲ. ಇವತ್ತು ರಂಗದ ಮೇಲೆ ಬೇಕಂತಲೇ ಕೆಮ್ಮಿದೆ.

ನಾಟಕದಲ್ಲಿ ನಾನು ಗಂಡ. ಹೆಂಡತಿಯ ಗೆಣೆಕಾರನಾಗಿ ಪಾಲಯ್ಯ ಮಂಚದ ಕೆಳಗೆ ಅಡಗಿರುತ್ತಾನೆ. "ನನ್ನ ಚಪ್ಪಲಿ ಎಲ್ಲಿ?" ಎಂದು ನಾನು ಕೂಗಬೇಕು. ಅವನು ಮನಸ್ಸಿನಲ್ಲೇ ಮೂರು ಎಣಿಸಿ, ಚಪ್ಪಲಿ ಹಿಡಿದ ಕೈಯನ್ನು ಹೊರಗೆ ಚಾಚಿ, "ಇಲ್ಲೈತ್ರಿ" ಎನ್ನಬೇಕು. ನಗು ಇರುವುದು ಆ ಮೂರರ ಮೌನದಲ್ಲಿ. ಸಂಡೂರಿನ ಆಟದಲ್ಲಿ ಜನ ಬಿದ್ದು ಬಿದ್ದು ನಕ್ಕರು. ಇಪ್ಪತ್ತೆರಡು ವರ್ಷ ಹಾಸ್ಯಪಾತ್ರ ಮಾಡಿದ ನನಗೆ ಅಂಥ ನಗು ಒಮ್ಮೆಯೂ ಸಿಕ್ಕಿಲ್ಲ. ಅದಿರಿನ ಲಾರಿ ಓಡಿಸುವ ಈ ಪಾಲಯ್ಯನಿಗೆ ಮೊದಲ ನಾಟಕದಲ್ಲೇ ಸಿಕ್ಕಿತು.

ಇವತ್ತು ಅವನು ಎರಡು ಎಣಿಸುವಷ್ಟರಲ್ಲಿ ಕೆಮ್ಮಿಬಿಟ್ಟೆ. ಮೌನ ಒಡೆದ ಮೇಲೆ ಕೈ ಹೊರಬಂತು. ಒಬ್ಬರೂ ನಗಲಿಲ್ಲ. ಚಪ್ಪಲಿ ಹಿಡಿದ ಆ ಕೈ ಚಾಚಿಕೊಂಡೇ ಇತ್ತು. ನಾನು ಅದನ್ನು ತೆಗೆದುಕೊಳ್ಳಲು ಅವಸರ ಮಾಡಲಿಲ್ಲ.

ಆಟ ಮುಗಿದ ಮೇಲೆ ಪಾಲಯ್ಯ ಬಿಸಿನೀರು ಹಿಡಿದುಕೊಂಡು ಬಂದ.

"ಅಣ್ಣಾರ, ಕೆಮ್ಮು ಭಾಳ ಆಗೇತಿ, ಕುಡೀರಿ. ನಾಳೆ ಕುರೆಕುಪ್ಪದ ಆಟಕ್ಕ ನನ್ನ ಹೇಣ್ತಿ ಬರ್ತಾಳ. ಇವತ್ತು ನಾ ಎಲ್ಲಿ ತಪ್ಪಿದೆ ಹೇಳ್ರಿ."

"ಭಾಳ ತಡಾ ಮಾಡ್ತಿಯಲೇ. ಎಣಸಬ್ಯಾಡ. ನಾ ಕೇಳಿದ ಕೂಡ್ಲೆ ಹೇಳಿಬಿಡು."

ನನ್ನ ಕಾಲು ಮುಟ್ಟಿ ಹೋದ.

ಈಗ ಗೋಡೆಯಾಚೆ ಒಬ್ಬನೇ ಅಭ್ಯಾಸ ಮಾಡುತ್ತಿದ್ದಾನೆ. "ಇಲ್ಲೈತ್ರಿ. ಇಲ್ಲೈತ್ರಿ." ಪ್ರತಿ ಸಲವೂ ಇನ್ನಷ್ಟು ಬೇಗ. ಎದ್ದು ಹೋಗಿ ಒಂದು ಮಾತು ಹೇಳಬಹುದು.

ನೀರು ಇನ್ನೂ ಬಿಸಿಯಿದೆ. ಕುಡಿದು ಮಲಗುತ್ತೇನೆ.