ಡಾಕ್ಟರಮ್ಮ ಕೇಳಿದ ಮದ್ದಿನ ಹೆಸರು

ಕೋತಗಿರಿ
13 ಅಕ್ಟೋಬರ್ 2024, ಭಾನುವಾರ

ತಂಗಿ ಮಲರ್‌ಕೊಡಿಗೆ ಅಣ್ಣ ರಾಜೇಂದ್ರನ್ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರಲಿಲ್ಲ. ನೀನು ಕೊಯಮತ್ತೂರಿಗೆ ಹೋಗಿ ಎರಡು ತಿಂಗಳಾಯಿತು. ಒಂದು ಸಲವೂ ಬೆಟ್ಟ ಇಳಿದು ನಿನ್ನನ್ನು ನೋಡಲು ಬರಲಿಲ್ಲ. ಎಲೆ ಜಾಸ್ತಿ ಬರುತ್ತಿದೆ, ಲಾರಿ ಬಿಟ್ಟು ಬರೋಕಾಗಲ್ಲ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ನೆಪ. ನಿನ್ನ ಎದುರು ಕೂರುವ ಧೈರ್ಯ ಇರಲಿಲ್ಲ, ಅಷ್ಟೇ. ಜನನಿ, ಇದನ್ನು ನೀನೇ ಅವ್ವೆಗೆ ಓದಿ ಹೇಳಬೇಕು ತಾಯಿ. ಮಿಲ್ಲಿನಿಂದ ಬಂದು, ಇಬ್ಬರದೂ ಊಟವಾದ ಮೇಲೆ ನಿಧಾನವಾಗಿ ಓದು.

ಹಟ್ಟಿಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಹತ್ತಾದರೂ ಮಂಜು ಏಳುವುದಿಲ್ಲ. ನಿಮ್ಮ ಚಹಾ ತೋಟದಲ್ಲಿ ಎಲೆ ಕೀಳುವವರಿಲ್ಲದೆ ಗಿಡ ಎದೆಯೆತ್ತರ ಬೆಳೆದು ನಿಂತಿದೆ. ಸೆಂಥಿಲ್ ಆ ಕಡೆ ಕಾಲಿಡುವುದಿಲ್ಲ. ಮದ್ದು ಹೊಡೆಯುವ ಸ್ಪ್ರೇಯರನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಒಂದು ಹೊತ್ತು ಗಂಜಿ ಕಾಯಿಸಿಕೊಂಡರೆ ಅದೇ ದೊಡ್ಡದು. "ನಮ್ಮನೆಗೆ ಬಂದು ಉಣ್ಣು" ಎಂದು ಕರೆದೆ. "ಅವಳು ಅಲ್ಲಿ ತಟ್ಟೆ ತಡಕಿ ಉಣ್ಣುತ್ತಾಳೆ ಭಾವ. ನನಗೆ ಇಲ್ಲಿ ಬಡಿಸಿ ಹಾಕುತ್ತೀರಾ?" ಎಂದ. ಆಮೇಲೆ ನಾನು ಕರೆಯಲಿಲ್ಲ.

ಸಂಜೆ ಸಂಜೆ ಬಸ್ಸು ನಿಲ್ಲುವ ಏರಿಗೆ ಹತ್ತಿ ಹೋಗುತ್ತಾನೆ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಜನನಿ, ಅಪ್ಪ ನಿನಗೇ ಫೋನ್ ಮಾಡುವುದು. ನೀನು ಕಟ್ ಮಾಡುತ್ತೀಯ. ಅವನು ಇನ್ನೊಂದು ಸಲ ಮಾಡಿ ಇಳಿದು ಬರುತ್ತಾನೆ. "ಅವ್ವೆಗೆ ಒಂದು ಕನ್ನಡಕ, ಒಂದು ಗ್ಲೌಸ್ ಕೊಡೋಕೆ ನಿಮಗೆ ಆಗಲಿಲ್ಲವಾ?" ಎಂದು ಆಸ್ಪತ್ರೆಯ ವರಾಂಡದಲ್ಲಿ ನೀನು ಅವನನ್ನು ಕೇಳಿದೆ. ಕೇಳಬೇಕಾದ ಮಾತೇ. ಆದರೆ ಈ ಹಟ್ಟಿಯಲ್ಲಿ ಯಾರು ಹಾಕಿಕೊಂಡಿದ್ದರು, ಹೇಳು? ನಾನೂ ಇಪ್ಪತ್ತು ವರ್ಷ ಬರಿಗೈಯಲ್ಲೇ ಮದ್ದು ಕಲಸಿದವನು.

ಮಲರ್, ಆ ದಿನ ನನ್ನ ತಲೆಯಿಂದ ಹೋಗುತ್ತಿಲ್ಲ. ಆಗಸ್ಟಿನ ಮಳೆಗೆ ಎಲೆಯ ತುಂಬ ಬ್ಲಿಸ್ಟರ್ ರೋಗದ ಗುಳ್ಳೆ ಎದ್ದಿತ್ತು. ಎರಡು ಸಲ ತಾಮ್ರದ ಮದ್ದು ಹೊಡೆದರೂ ನಿಲ್ಲಲಿಲ್ಲ. ಗುಳ್ಳೆ ಬಿದ್ದ ಎಲೆ ಬೇಡವೆಂದು ಫ್ಯಾಕ್ಟರಿಯವರು ಚೀಲಗಳನ್ನು ನನ್ನ ಲಾರಿಯಲ್ಲೇ ವಾಪಸ್ ಕಳಿಸುತ್ತಿದ್ದರು. ಎಲೆ ಏಜೆಂಟ್ ಅಂದ ಮೇಲೆ ಆ ಚೀಲಗಳನ್ನು ಮನೆಮನೆಗೆ ಇಳಿಸಿ ಬರಬೇಕಾದವನು ನಾನೇ. ಹೆಂಗಸರು ಚೀಲ ಎಳೆದುಕೊಂಡು ಒಳಗೆ ಹೋಗುತ್ತಿದ್ದರು.

ಅವತ್ತು ಮಳೆ ಎರಡು ಗಂಟೆ ಬಿಡುವು ಕೊಟ್ಟಿತು. ಸೆಂಥಿಲ್ ಬೆನ್ನಿಗೆ ಸ್ಪ್ರೇಯರ್ ಏರಿಸಿಕೊಂಡು ಮೇಲಿನ ಸಾಲಿನಲ್ಲಿದ್ದ. ನೀನು ಡ್ರಮ್ಮಿನ ಮೇಲೆ ಬಗ್ಗಿ ಪುಡಿ ಸುರಿಯುತ್ತಿದ್ದೆ. ಕಣಿವೆಯ ಗಾಳಿ ಇದ್ದಕ್ಕಿದ್ದಂತೆ ತಿರುಗಿ ಅಷ್ಟೂ ಪುಡಿಯನ್ನು ನಿನ್ನ ಮುಖಕ್ಕೆ ಎರಚಿತು. ಎರಡು ಚೊಂಬು ನೀರು ಹಾಕಿಕೊಂಡು ಸೆರಗಿನಿಂದ ಉಜ್ಜಿಕೊಂಡೆಯಂತೆ. ಉಜ್ಜಬಾರದಿತ್ತು. ಯಾರಿಗೆ ಗೊತ್ತಿತ್ತು? ಸೆಂಥಿಲ್ ಕೂಗಿದ್ದು ಕೇಳಿ ನಾನು ಜೀಪು ತಂದೆ. ಅವನು ಆಸ್ಪತ್ರೆಯ ಬಾಗಿಲಲ್ಲೇ ಕುಸಿದು ಕುಳಿತ. ನಿನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದವನು ನಾನು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಹೊರ ರಾಜ್ಯದವರು. ಅವರಿಗೆ ತಮಿಳೇ ನಾಲ್ಕು ಮಾತು, ಇನ್ನು ನಮ್ಮ ಹಟ್ಟಿಯ ಮಾತು ಎಲ್ಲಿಂದ ಬರಬೇಕು? ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದರು. ನಿನ್ನನ್ನು ಪರದೆಯ ಹಿಂದೆ ಮಲಗಿಸಿ ಕಣ್ಣಿಗೆ ನೀರು ಬಿಡಿಸಿದರು. ಯಾವ ಮದ್ದು ಎಂದು ಕೇಳಿದರು, ಹೇಳಿದ್ದಾಯಿತು. ಡ್ರಾಪ್ಸ್ ಕೊಟ್ಟು, ಕಟ್ಟು ಕಟ್ಟಿ, ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸಿದರು. ಮೂರನೆಯ ದಿನ ಕಟ್ಟು ಬಿಚ್ಚಿದಾಗ ಎರಡೂ ಕಣ್ಣಿನ ಕಪ್ಪು ಮೊಸರಿನ ಹಾಗೆ ಬೆಳ್ಳಗಾಗಿತ್ತು. "ಅವತ್ತೇ ಕರೆತಂದಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತೇನೋ" ಎಂದು ಕೊಯಮತ್ತೂರಿನ ಡಾಕ್ಟರು ಹೇಳಿದರು. ಈಗ ಬಲಗಣ್ಣು ಇಲ್ಲ. ಎಡಗಣ್ಣಿಗೆ ಬೆಳಕು, ನೆರಳು ಅಷ್ಟೇ ಎಂದು ಜನನಿ ಹೇಳಿದಳು.

ಹಟ್ಟಿಯವರೆಲ್ಲ ಆ ಡಾಕ್ಟರಮ್ಮನಿಗೆ ಶಾಪ ಹಾಕುತ್ತಾರೆ. ಸೆಂಥಿಲ್ ತನಗೆ ತಾನೇ ಹಾಕಿಕೊಳ್ಳುತ್ತಾನೆ.

ಹೋದ ತಿಂಗಳು ಮದ್ದು ಹೊಡೆಯುವ ಬಗ್ಗೆ ಹೇಳಿಕೊಡಲು ಒಬ್ಬ ಆಫೀಸರು ಬಂದಿದ್ದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಲು ನನ್ನನ್ನು ನಿಲ್ಲಿಸಿದರು. ಗಾಳಿಗೆ ಬೆನ್ನು ಕೊಟ್ಟು ಕಲಸಬೇಕು. ಕಣ್ಣಿಗೆ, ಕೈಗೆ, ಮೂಗಿಗೆ ಹಾಕಿಕೊಳ್ಳದೆ ಪೊಟ್ಟಣ ಬಿಚ್ಚಬಾರದು. ಕಣ್ಣಿಗೆ ಬಿದ್ದರೆ ಉಜ್ಜದೆ ಕಾಲು ಗಂಟೆ ಒಂದೇ ಸಮನೆ ನೀರು ಬಿಡಬೇಕು. ನಾನು ಅಷ್ಟು ಹೇಳುವಾಗ ಹಿಂದೆ ಕುಳಿತಿದ್ದ ಸೆಂಥಿಲ್ ಎದ್ದು ಹೋದ. ಇನ್ನೊಂದು ಮಾತು ಉಳಿದಿತ್ತು: ಮದ್ದಿನ ಪೊಟ್ಟಣವನ್ನು ಡಾಕ್ಟರಿಗೆ ತಪ್ಪದೆ ತೋರಿಸಬೇಕು. ಅದು ನನ್ನ ಬಾಯಿಂದ ಬರಲಿಲ್ಲ. ಆಫೀಸರೇ ಹೇಳಿ ಮುಗಿಸಿದರು.

ಡ್ರಾಪ್ಸ್ ಹೊತ್ತಿಗೆ ಸರಿಯಾಗಿ ಹಾಕಿಸಿಕೊ. ನಮ್ಮ ದೇವಿ ಹೆತ್ತೆಯಮ್ಮ ನಿನಗೆ ಉಳಿದಿರುವಷ್ಟು ಬೆಳಕನ್ನಾದರೂ ಕಾಯಲಿ. ಜನನಿಯ ಬಾಳು ಬೆಳಗಲಿ.

ನಿನ್ನ ಅಣ್ಣ
ರಾಜೇಂದ್ರನ್

ತಾ.ಕ.: ಇದು ಮರೆತು ಉಳಿದ ಮಾತಲ್ಲ. ಇದನ್ನು ಬರೆಯಲೆಂದೇ ಕುಳಿತು, ಬೇರೆ ಏನೇನೋ ಬರೆದೆ.

ನೀನು ಕಲಸಿದ್ದು ತಾಮ್ರದ ಪುಡಿಯಲ್ಲ ಎಂದು ನಿನಗೆ ಗೊತ್ತು, ಸೆಂಥಿಲ್‌ಗೂ ಗೊತ್ತು. ಊಟಿ ಕಡೆ ಕ್ಯಾರೆಟ್ಟಿಗೆ ಹೊಡೆಯುವ ಬಿಳಿ ಮದ್ದು ಅದು. ಚಹಾಕ್ಕೆ ಹೊಡೆಯಬಾರದ್ದು. ನಾನೇ ತಂದು, ಬೇರೆ ಕವರಿಗೆ ಸುರಿದು ಕೊಟ್ಟಿದ್ದೆ. ಗೊತ್ತಿಲ್ಲದೆ ಹೋದದ್ದು ಡಾಕ್ಟರಮ್ಮನಿಗೆ ಮಾತ್ರ.

ಅವರು ಮೂರು ಸಲ ಕೇಳಿದರು. "ತಾಮ್ರ ಬಿಟ್ಟು ಬೇರೆ ಏನಾದರೂ ಇದ್ದರೆ ಹೇಳಿ, ಈಗಲೇ ಕೊಯಮತ್ತೂರಿಗೆ ಕಳಿಸುತ್ತೇನೆ" ಎಂದರು. ಬಿಳಿ ಮದ್ದಿನ ಸುದ್ದಿ ಹೊರಬಿದ್ದರೆ ಫ್ಯಾಕ್ಟರಿಯವರು ಹಟ್ಟಿಯ ಎಲೆಯನ್ನೇ ನಿಲ್ಲಿಸುತ್ತಾರೆ, ನನ್ನ ಏಜೆನ್ಸಿಯೂ ಹೋಗುತ್ತದೆ ಎಂದು ಹೆದರಿದೆ. ಮೂರು ಸಲವೂ ತಾಮ್ರ ಎಂದೆ. ಆಗ ಪರದೆಯ ಹಿಂದಿನಿಂದ ನೀನು ನಮ್ಮ ಮಾತಿನಲ್ಲಿ ಕೂಗಿದೆ: "ಅಣ್ಣಾ, ಬೆಳ್ಳೆ ಮದ್ದು ಅಂತ ಹೇಳು! ಬೆಳ್ಳೆ ಮದ್ದು!"

"ಅವರು ಏನು ಹೇಳುತ್ತಿದ್ದಾರೆ?" ಎಂದು ಡಾಕ್ಟರಮ್ಮ ಕೇಳಿದರು.

"ತುಂಬ ಉರಿಯುತ್ತಿದೆಯಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ನಿನ್ನ ಕಡೆ ತಿರುಗಿ, "ಹೇಳಿದೆ ತಂಗಿ, ಹೇಳಿದೆ" ಎಂದೆ. ನೀನು ನಂಬಿ ಸುಮ್ಮನಾದೆ.

ನಿನ್ನೆ ಸೆಂಥಿಲ್‌ಗೆ ಎಲ್ಲ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾಳೆ ಡಾಕ್ಟರಮ್ಮನ ಹತ್ತಿರ ಹೋಗುತ್ತೇನೆ, ಅಲ್ಲಿಂದ ಫ್ಯಾಕ್ಟರಿಗೆ. ಆಮೇಲೆ ಹಟ್ಟಿಯವರ ಎದುರು ನಿಲ್ಲುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವ ಬಾಯಿ ನನಗಿಲ್ಲ.

ಜನನಿ, ನನ್ನ ಮೇಲೆ ಕರುಣೆ ತೋರಿಸಬೇಡ. ಒಂದು ಮಾತೂ ಬಿಡದೆ, ಬದಲಿಸದೆ, ಇದ್ದದ್ದನ್ನು ಇದ್ದ ಹಾಗೆ ಅವ್ವೆಗೆ ಓದು. ಆಮೇಲೆ ನಿನ್ನ ಅಪ್ಪನ ಫೋನ್ ಎತ್ತು.