ಗದೆಗೆ ಹತ್ತದ ಸುಣ್ಣ

ಜಲನಗರ, ವಿಜಯಪುರ

ಅಜ್ಜಾ, ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳದು ಎಂದು ಈ ಕಾರ್ಡು. ಇಲ್ಲಿನ ಗರಡಿಯ ತಾಲೀಮಿನಲ್ಲಿ ಹಸಿ ಸುಣ್ಣದ ಗೋಡೆಗೆ ಬೆನ್ನು ಮಾಡಿ, ಒಂದು ಮೊಳ ಬಿಟ್ಟು ನಿಂತು ಕಬ್ಬಿಣದ ಗದೆ ತಿರುಗಿಸಬೇಕು. ಗೋಡೆಗೆ ತಾಗಿಸಿದವರೇ ಮತ್ತೆ ಸುಣ್ಣ ಬಳಿಯಬೇಕು. ಹತ್ತೊಂಬತ್ತು ದಿನ ನಾನೇ ಬಳಿದೆ. ಪೈಲ್ವಾನ ತೌಸೀಫ ನಿಂತು ನಗುತ್ತಿದ್ದ. “ತೋಳ ಬೀಸಬ್ಯಾಡವಾ, ಗದಾ ಬೆನ್ನಿಗಿ ಹತ್ತಿ ಇಳೀಲಿ” ಎಂದು ಉಸ್ತಾದ ಅಬ್ದುಲಸಮದರು ದಿನವೂ ಹೇಳುತ್ತಿದ್ದುದು ಇಂದು ಮೈಗೆ ಹತ್ತಿತು. ಐವತ್ತು ಸುತ್ತು ಮುಗಿದರೂ ಗದೆ ಸುಣ್ಣ ಹತ್ತದೆ ಕಪ್ಪಾಗಿಯೇ ಇತ್ತು. ನನ್ನ ನಂತರ ಗದೆ ಹಿಡಿದ ತೌಸೀಫ ಒಂಬತ್ತನೇ ಸುತ್ತಿಗೇ ಗೋಡೆ ಮುಟ್ಟಿಸಿದ.

ಭುಜದ ನೋವು ಇಳಿದಿದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತೀರಿದೆ, ಬಬಲೇಶ್ವರದಿಂದ ಬರುವವರ ಕೈಯಲ್ಲಿ ಕಳಿಸಿರಿ. ಉಸ್ತಾದರು ಕರೆಯುತ್ತಿದ್ದಾರೆ. ತೌಸೀಫನಿಗೆ ಸುಣ್ಣ ಕಲಸಲು ಬರುವುದಿಲ್ಲವಂತೆ, ನಾನೇ ಕಲಿಸಬೇಕಂತೆ.

ನಿಮ್ಮ ಮೊಮ್ಮಗಳು
ಶಿವಲೀಲಾ