ಗುರುತು ಹಾಕದ ಪುಟ

ಬ್ಯಾಡಗಿ
ತಾ. 7-5-1939, ರವಿವಾರ

ಚಿ. ಸೌ. ಸರಸ್ವತಿಗೆ,

ನಿನ್ನ ಅಕ್ಕ ಭಾಗೀರಥಿಯ ಆಶೀರ್ವಾದಗಳು. ಸಿಟ್ಟಿನಲ್ಲಿ ಕುಳಿತವರು ಆಶೀರ್ವಾದ ತೆಗೆದುಕೊಳ್ಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹಿರಿಯಳಾದ ಮೇಲೆ ಬರೆಯುವುದು ನನ್ನ ಪಾಲಿಗೆ ಬಂದಿದೆ, ಬರೆದಿದ್ದೇನೆ. ನಾನು ಕ್ಷೇಮ ಎಂದೂ ಬರೆಯಬೇಕಲ್ಲ. ಸಂಜೆಯಾದರೆ ಕಣ್ಣಲ್ಲಿ ಇನ್ನೂ ನೀರಾಡುತ್ತದೆ, ಸೊಂಟ ಹಿಡಿದಿದೆ, ಸಾಲೆಯಲ್ಲಿ ಅರವತ್ತೊಂದು ಹುಡುಗಿಯರಿಗೆ ನಾನೊಬ್ಬಳೇ. ಇದಕ್ಕೆ ಕ್ಷೇಮ ಎನ್ನುವುದಾದರೆ ಕ್ಷೇಮ.

ನಿನ್ನ ಪತ್ರ ಗುರುವಾರ ಮುಟ್ಟಿತು. ನಿನಗೆ ಅಕ್ಷರ ಬಾರದ್ದರಿಂದ ಬರೆದವರು ಸದಾಶಿವರಾಯರೇ ಸರಿ, ಆದರೆ ಒಂದೊಂದು ಮಾತೂ ನಿನ್ನದು. ನಿನ್ನ ಯಜಮಾನರಿಗೆ ಅಷ್ಟು ಚೆನ್ನಾಗಿ ಬೈಯಲು ಬರುವುದಿಲ್ಲ. ರಾಣೆಬೆನ್ನೂರಿನ ಅಣ್ಣಾಜಿರಾಯರು ಹೆಣ್ಣು ಒಲ್ಲೆವೆಂದು ಹೇಳಿ ಕಳಿಸಿದರು, ಅವರ ಮಗ ಬಾಳಕೃಷ್ಣನಂಥ ವರ ನಮ್ಮ ಇಂದಿರೆಗೆ ಇನ್ನು ಸಿಗುವುದಿಲ್ಲ, ಐದು ತಿಂಗಳು ನನ್ನ ಹತ್ತಿರ ಇದ್ದು ಕಲಿತ ಹುಡುಗಿ ಹತ್ತು ಜನರ ಮುಂದೆ ಮಾನ ಕಳೆದಳು ಎಂದಿರುವೆ. ಜೂನಿಗೆ ಅವಳನ್ನು ನನ್ನಲ್ಲಿಗೆ ಕಳಿಸುವುದಿಲ್ಲ, ಅವಳ ಪುಸ್ತಕಗಳೆಲ್ಲ ಅಟ್ಟ ಸೇರಿವೆ ಎಂದೂ ಇದೆ. ಕೊನೆಗೆ, ‘ಬಾಗಲ ಹಿಂದ ಕೂತು ಮಜಾ ನೋಡಿದಿ, ತುಟಿ ಪಿಟ್ಟ ಅನಲಿಲ್ಲ. ನಿನಗ ಮಕ್ಕಳಿಲ್ಲ, ಈ ಸಂಕಟ ನಿನಗ ತಿಳಿಯೂದಿಲ್ಲ’ ಎಂದು ಬರೆಸಿರುವೆ. ತುಟಿಯ ಮಾತಿಗೆ ಉತ್ತರ ಕೊಡುತ್ತೇನೆ. ಮಕ್ಕಳ ಮಾತಿಗೆ ಉತ್ತರ ಕೊಡುವ ತ್ರಾಣ ನನ್ನಲ್ಲಿಲ್ಲ.

ಕಾರ್ತಿಕದಲ್ಲಿ ಹಾವೇರಿಯ ಸ್ಟೇಶನ್ನಿನಲ್ಲಿ ಅವಳನ್ನು ನನ್ನ ಸಂಗಡ ರೈಲು ಹತ್ತಿಸುವಾಗ ನೀನು ಹೇಳಿದ್ದು ನೆನಪಿದೆಯೇ? ‘ಹದಿನಾಕು ತುಂಬಲಿಕ್ಕೆ ಬಂತು, ಮೂರನೇ ಇಯತ್ತೆ ದಾಟಲಿಲ್ಲ. ಈಗಿನವರಿಗೆ ಓದಾಕ ಬರೂ ಹುಡಿಗಿ ಬೇಕು. ನೀ ಸಾಲಿ ಬಾಯಿ ಇದ್ದೀ, ಹೆಂಗರೆ ಮಾಡಿ ಓದಿಸಕ್ಕ’ ಎಂದಿದ್ದೆ. ಹನ್ನೊಂದು ವರ್ಷ ಮಂದಿಯ ಮಕ್ಕಳಿಗೆ ಕಲಿಸಿದವಳು ತಂಗಿಯ ಮಗಳಿಗೆ ಕಲಿಸಲಾರೆನೇ ಎಂದು ನಾನೂ ಉಬ್ಬಿದ್ದೆ.

ಬಿಡಿ ಅಕ್ಷರ ಕೇಳಿದರೆ ಅವಳು ಒಂದೂ ತಪ್ಪುತ್ತಿರಲಿಲ್ಲ. ಅವೇ ಅಕ್ಷರಗಳು ಕೂಡಿ ಶಬ್ದವಾದರೆ ಮುಗಿಯಿತು. ಮೊದಲಿನದನ್ನು ನೋಡಿ ಏನೋ ಒಂದು ಅಂದು, ಕೂಡಲೇ ತಲೆಯೆತ್ತಿ ನನ್ನ ಮುಖ ನೋಡುವಳು. ನಾನು ಹುಬ್ಬು ಗಂಟಿಕ್ಕಿದರೆ ಇನ್ನೊಂದು ಅನ್ನುವಳು. ನನ್ನ ತುಟಿ ಆಡಿತೋ, ಅದನ್ನೇ ಹಿಡಿದು ಮುಂದೆ ಹೋಗುವಳು. ಎರಡು ತಿಂಗಳು ಕಳೆದ ಮೇಲೆ ನನಗೆ ಹೊಳೆಯಿತು, ಅವಳು ಇಷ್ಟು ದಿನ ನನ್ನ ಮುಖವನ್ನು ಓದುತ್ತಿದ್ದಳು. ತಪ್ಪು ನನ್ನದು. ಮಕ್ಕಳು ತಡೆದರೆ ಶಬ್ದ ಹೇಳಿಕೊಟ್ಟು ಮುಂದಕ್ಕೆ ನೂಕುವುದು ನನಗೆ ಚಟವಾಗಿದೆ. ಒಂದೇ ಕೋಣೆಯಲ್ಲಿ ಮೂರು ಇಯತ್ತೆ ಇಟ್ಟುಕೊಂಡು ಒಬ್ಬೊಬ್ಬಳಿಗೂ ಕಾಯುತ್ತ ಕೂರಲು ಯಾರಿಗಾದೀತು? ಸಿಟ್ಟು ತಡೆಯದೆ ಒಮ್ಮೆ ಬರೆಯುವ ಪಾಟಿಯಿಂದ ಅವಳ ತಲೆಗೆ ಕುಟ್ಟಿದೆ. ಅದನ್ನು ನಿನಗೆ ಬರೆದಿರಲಿಲ್ಲ. ಅವಳೂ ನಿನಗೆ ಹೇಳಿರಲಿಕ್ಕಿಲ್ಲ.

ಅಷ್ಟರಲ್ಲಿ ಸಂಕ್ರಮಣದ ಮುಂದೆ ನೀವು ಆ ಪುಸ್ತಕ ಕಳಿಸಿದಿರಿ. ಅಣ್ಣಾಜಿರಾಯರು ಎಲ್ಲಿ ಹೆಣ್ಣು ನೋಡಲು ಹೋದರೂ ಕೋಟಿನ ಜೇಬಿನಿಂದ ಅದೊಂದೇ ಪುಸ್ತಕ ತೆಗೆಯುತ್ತಾರೆ, ಗರತಿಯರ ನಡತೆಯ ಬಗ್ಗೆ ಇರುವುದು, ಕೆಂಪು ದಾರ ಇಟ್ಟು ಗುರುತು ಮಾಡಿದ ಎರಡು ಪುಟಗಳನ್ನೇ ಓದಿಸುತ್ತಾರೆ ಎಂದು ಸದಾಶಿವರಾಯರು ಕೋರ್ಟಿನ ಕಟ್ಟೆಯ ಮೇಲೆ ಯಾರಿಂದಲೋ ತಿಳಿದುಕೊಂಡಿದ್ದರು. ಆ ಎರಡು ಪುಟ ಬಾಯಿಪಾಠ ಮಾಡಿಸೆಂದು ಬರೆದಿದ್ದಿರಿ. ನಾನು ಬೇಡವೆನ್ನಲಿಲ್ಲ. ಎಷ್ಟೋ ಹಗುರವಾಯಿತು ಎನಿಸಿತು.

ಯಾಕೆಂದರೆ, ಸರೂ, ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಪ್ರತಿ ವರ್ಷ ತಪಾಸಣೆಗೆ ಸಾಹೇಬರು ಬರುವ ಮುಂದೆ ಓದು ಬಾರದ ಹುಡುಗಿಯರಿಗೆ ಪಾಠ ಬಾಯಿಗೆ ಹತ್ತಿಸುತ್ತೇನೆ. ಬೆರಳು ಎಲ್ಲಿ ಸರಿಸಬೇಕು, ಹಾಳೆ ಯಾವ ಶಬ್ದಕ್ಕೆ ತಿರುವಬೇಕು, ಎಲ್ಲಿ ಚೂರು ತಡವರಿಸಿದರೆ ಖರೇ ಓದಿದಂತೆ ಕಾಣುತ್ತದೆ, ಎಲ್ಲವನ್ನೂ ಕಲಿಸುತ್ತೇನೆ. ಹನ್ನೊಂದು ವರ್ಷವೂ ಸಾಹೇಬರು ತಪಾಸಣೆಯ ಪುಸ್ತಕದಲ್ಲಿ ನನ್ನ ಬಗ್ಗೆ ಮೆಚ್ಚುಗೆಯ ಶೆರಾ ಬರೆದು ಹೋಗಿದ್ದಾರೆ. ಹಾಗೆ ಪಾಸಾದ ಹುಡುಗಿಯರು ಮದುವೆಯಾಗಿ ಇಲ್ಲಿಯೇ ಪೇಟೆಯಲ್ಲಿದ್ದಾರೆ. ತವರಿನಿಂದ ಕಾಗದ ಬಂದರೆ ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಹತ್ತಿರ ಬಂದು, ‘ಬಾಯಾರ, ಇದನ್ನೊಂದೀಟು ಓದಿ ಹೇಳ್ರಿ’ ಎನ್ನುತ್ತಾರೆ. ನಾನು ಓದಿ ಹೇಳುತ್ತೇನೆ. ಅವರು ನನಗೆ ಒಂದು ಮಾತೂ ಅನ್ನುವುದಿಲ್ಲ. ಅದೇ ನನಗೆ ತಾಳಲಾಗುವುದಿಲ್ಲ.

ನಮ್ಮ ಇಂದೂ ಒಂಬತ್ತೇ ದಿನದಲ್ಲಿ ಎರಡೂ ಪುಟ ಒಪ್ಪಿಸಿದಳು. ಕಣ್ಣು ಮುಚ್ಚಿಯೂ ಹೇಳುತ್ತಿದ್ದಳು. ನಿನಗೆ ಕೆಲಸವಾಯಿತೆಂದು ಬರೆದು ಕೈ ತೊಳೆದುಕೊಂಡೆ.

ಮಾಘದಲ್ಲಿ ನನ್ನ ಕಣ್ಣು ಬಂದದ್ದು ನಿನಗೆ ಗೊತ್ತು. ಆ ದಿನಗಳಲ್ಲಿ ಏನಾಯಿತೆಂಬುದು ನಿನಗೆ ಗೊತ್ತಿಲ್ಲ. ಆ ಹೊತ್ತಿಗೆ ಇಲ್ಲಿ ಮೆಣಸಿನಕಾಯಿಯ ಬಂಡಿಗಳು ಸಾಲೆಯ ಬಾಗಿಲ ತನಕ ನಿಂತಿರುತ್ತವೆ. ಅರ್ಧ ಹುಡುಗಿಯರು ತೊಟ್ಟು ಬಿಡಿಸಲು ಹೋಗುತ್ತಾರೆ, ಉಳಿದವರು ಕೆಮ್ಮುತ್ತ ಕೂರುತ್ತಾರೆ. ಗಾಳಿಗೆ ಘಾಟು ಹೊಡೆದು ನಾನು ಕಣ್ಣು ಉಜ್ಜಿಕೊಂಡೆ, ಮರುದಿನ ರೆಪ್ಪೆ ಬಿಚ್ಚಲಾಗಲಿಲ್ಲ. ದವಾಖಾನೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಒಂಬತ್ತು ದಿನ ಬಿಚ್ಚಕೂಡದು ಎಂದರು. ಹಿತ್ತಿಲಾಚೆಯ ದೌಲತಬಿ ದಿನಾ ಮೆಣಸಿನಕಾಯಿ ಕೆಲಸ ಮುಗಿಸಿ ಬಂದು ಹೊಸ್ತಿಲ ಹೊರಗೇ ನಿಲ್ಲುತ್ತಿದ್ದಳು. ‘ನನ್ನ ಕೈ ಹಚ್ಚಂಗಿಲ್ರಿ ಬಾಯಾರ, ಎಷ್ಟ ತೊಳದ್ರೂ ಖಾರ ಹೋಗಂಗಿಲ್ಲ’ ಎಂದು ಇಂದೂಗೆ ಅಲ್ಲಿಂದಲೇ ಹೇಳಿಕೊಟ್ಟು ಪಟ್ಟಿಯ ಮೇಲೆ ಕೊತ್ತಂಬರಿ ಬೀಜದ ನೀರು ಹಾಕಿಸುತ್ತಿದ್ದಳು.

ಕುರುಡಿಯಂತೆ ಕುಳಿತವಳಿಗೆ ಹೊತ್ತು ಹೋಗಬೇಕಲ್ಲ. ಧಾರವಾಡದ ವಾರಪತ್ರಿಕೆ ಬಂದಿತ್ತು, ಓದೆಂದೆ. ಓದಿದಳು, ತಡೆದಳು, ಸುಮ್ಮನಾದಳು. ನನ್ನ ಮುಖ ನೋಡುತ್ತಿದ್ದಳೆಂದು ಕಾಣುತ್ತದೆ. ಆ ಮುಖಕ್ಕೆ ಪಟ್ಟಿ ಕಟ್ಟಿತ್ತು. ‘ಇದೇನು ಮಾವಶಿ?’ ಎಂದಳು. ನನಗೇನು ಕಾಣುತ್ತದೆ, ಅಲ್ಲಿ ಯಾವ ಅಕ್ಷರ ಇದೆ, ಅದರ ಕೆಳಗೆ ಏನಿದೆ, ನೀನೇ ಹೇಳು ಎಂದೆ. ಕಲಿಸಬೇಕೆಂದು ಹೇಳಿದ್ದಲ್ಲ, ಖರೇನೇ ಕಾಣುತ್ತಿರಲಿಲ್ಲ. ಮೊದಲ ದಿನ ಅತ್ತಳು. ಎರಡನೆಯ ದಿನ ಪತ್ರಿಕೆಯನ್ನು ಮೂಲೆಗೆ ಎಸೆದಳು. ಮೂರನೆಯ ದಿನ ನಾನು ಕೇಳದೆಯೇ ಎತ್ತಿಕೊಂಡು ಬಂದು ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತ, ಕೂಡಿಸಿ ನೋಡುತ್ತ, ಅರ್ಥವಾಗದಿದ್ದರೆ ಸಾಲಿನ ಹಿಂದಕ್ಕೆ ಹೋಗುತ್ತ, ಒಂದು ಸುದ್ದಿಯನ್ನು ತುದಿ ಮುಟ್ಟಿಸಿದಳು. ಎಲ್ಲಿಯೋ ಬಾವಿಗೆ ಎಮ್ಮೆ ಬಿದ್ದ ಸುದ್ದಿ. ಅದನ್ನು ಎತ್ತಿದರು ಎಂಬಲ್ಲಿಗೆ ಬರುವಾಗ ಅವಳೂ ನಾನೂ ಬೆವರಿದ್ದೆವು. ಆ ದಿನ ನನಗೆ ಆದ ಸಂತೋಷ ಹನ್ನೊಂದು ವರ್ಷದ ಯಾವ ಶೆರಾದಿಂದಲೂ ಆಗಿರಲಿಲ್ಲ.

ಆರನೆಯ ದಿನ ನಿನ್ನ ಪತ್ರ ಬಂತು. ಅವಳೇ ಒಡೆದು ಓದಲು ಕುಳಿತಳು. ಕ್ಷೇಮ ಸಮಾಚಾರ ಓದಿದಳು, ಸಂಡಿಗೆ ಹಾಕಿದ್ದು ಓದಿದಳು. ಮುಂದೆ ನೀನು ಬರೆಸಿದ ಸಾಲು ಬಂತು. ‘ಆ ದಡ್ಡಿಗೆ ಓದು ಬರದಿದ್ದರೂ ನಡೆಯುತ್ತದೆ, ಎರಡು ಪುಟ ಬಾಯಿಗೆ ಬಂದರೆ ಸಾಕು, ಒಮ್ಮೆ ದಾಟಿಸಿದರೆ ನಮ್ಮ ಹೆಗಲ ಭಾರ ಇಳಿಯುತ್ತದೆ.’ ಏನು ಬರುತ್ತಿದೆ ಎಂದು ಅವಳಿಗೆ ತಿಳಿಯುವಂತಿರಲಿಲ್ಲ. ಒಂದೊಂದೇ ಅಕ್ಷರ ಹೇಳಿ, ಕೂಡಿಸಿ, ‘ದಡ್ಡಿಗೆ’ ಎಂದಳು. ಅದು ಯಾರಿಗೆ ಅಂದದ್ದೆಂದು ತಿಳಿಯಲು ಇನ್ನಷ್ಟು ಹೊತ್ತು ಹಿಡಿಯಿತು. ಇರಲಿ ಬಿಡು, ನಾನು ಆಮೇಲೆ ಓದಿಕೊಳ್ಳುತ್ತೇನೆ ಎಂದೆ. ‘ತಡಿ ಮಾವಶಿ, ಮುಗಸ್ತೇನಿ’ ಎಂದು ಸಹಿಯ ತನಕ ಓದಿ, ಮಡಚಿ ನನ್ನ ಕೈಯಲ್ಲಿಟ್ಟು ನೀರಿಗೆ ಹೋದಳು. ನಾನು ಪಟ್ಟಿಯೊಳಗೇ ಅತ್ತೆ, ಉರಿ ಇನ್ನೂ ಹೆಚ್ಚಾಯಿತು. ಇದನ್ನು ನಿನಗೆ ಇಷ್ಟು ದಿನ ಮುಚ್ಚಿಟ್ಟಿದ್ದೆ.

ಇನ್ನು ನಿನ್ನ ಆರೋಪ. ಹೋದ ತಿಂಗಳು ಇಪ್ಪತ್ತಮೂರಕ್ಕೆ ರಾಣೆಬೆನ್ನೂರಿನವರು ನಿಮ್ಮ ಮನೆಗೆ ಬಂದಾಗ ವಿಧವೆ ಎದುರಿಗೆ ಬರಬಾರದೆಂದು ನೀನು ನನ್ನನ್ನು ಅಡಿಗೆಮನೆಯ ಬಾಗಿಲ ಹಿಂದೆ ಕೂರಿಸಿದೆ. ಇಂದೂನನ್ನು ಸರಿಯಾಗಿ ಬಾಗಿಲಿಗೆ ಎದುರಾಗಿ ಕೂರಿಸಿದ್ದೂ ನೀನೇ. ‘ಅಕಸ್ಮಾತ್ ತಪ್ಪಿದ್ರ ಅಲ್ಲಿಂದನ ತುಟಿ ಆಡ್ಸು’ ಎಂದು ನನ್ನ ಕಿವಿಯಲ್ಲಿ ಹೇಳಿದ್ದೆ. ಅಣ್ಣಾಜಿರಾಯರು ಪುಸ್ತಕ ತೆಗೆದರು, ಕೆಂಪು ದಾರದ ಪುಟವೇ. ಅವಳು ಮೊದಲಿನ ಎರಡು ಸಾಲು ನೀರು ಕುಡಿದಂತೆ ಹೇಳಿದಳು. ಬಾಳಕೃಷ್ಣನ ತಾಯಿ ತಲೆದೂಗಿದರು. ಆಮೇಲೆ ಅವಳು ನಿಂತಳು, ತಾನೇ ನಾಲ್ಕಾರು ಹಾಳೆ ತಿರುವಿದಳು, ರೋಗಿಗಳ ಪಥ್ಯದ ಬಗೆಗಿನ ಯಾವುದೋ ಪುಟ ತೆಗೆದು ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಅದನ್ನು ಅವಳು ಮುಂಚೆ ನೋಡಿಯೇ ಇರಲಿಲ್ಲ. ಅವಳು ನಡೆದದ್ದು ಎತ್ತಿನ ಬಂಡಿಯ ವೇಗದಲ್ಲಿ. ‘ಅಗ್ನಿಮಾಂದ್ಯ’ ಎಂಬ ಶಬ್ದಕ್ಕೆ ಬಂದು ಪೂರಾ ನಿಂತುಬಿಟ್ಟಳು.

ನಾನು ಮಜಾ ನೋಡಲಿಲ್ಲ, ಸರೂ. ಮೂರು ಸಲ ತುಟಿ ಆಡಿಸಿದೆ. ಪಿಸುಮಾತಿನಲ್ಲಿಯೂ ಹೇಳಿದೆ. ತಿರುಗಿ ನೋಡಲೆಂದು ಬಾಗಿಲ ಚಿಲಕ ಅಲುಗಿಸಿದೆ. ಆ ಗಳಿಗೆಯಲ್ಲಿ ನನಗೂ ನಿನ್ನಂತೆ ಸಂಬಂಧ ಕುದುರಿದರೆ ಸಾಕಾಗಿತ್ತು. ನನ್ನಲ್ಲಿ ದೊಡ್ಡಗುಣ ಇತ್ತೆಂದು ಹೇಳಿಕೊಳ್ಳಲಾರೆ. ಅವಳು ತಲೆ ಎತ್ತಲಿಲ್ಲ, ಅಷ್ಟೇ. ಮೊದಲ ಮೂರು ತಿಂಗಳು ನನ್ನ ಮುಖ ಬಿಟ್ಟು ಬೇರೇನೂ ನೋಡದಿದ್ದ ಹುಡುಗಿ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಬೆರಳು ಹಿಂದಕ್ಕೆ ಸರಿಸಿದಳು, ಮತ್ತೆ ಕೂಡಿಸಿದಳು, ‘ಅಗ್ನಿಮಾಂದ್ಯ’ ಎಂದಳು. ಅಣ್ಣಾಜಿರಾಯರು ಗಡಿಯಾರ ತೆಗೆದು ನೋಡಿ ‘ಸಾಕ್ ತಂಗಿ, ಸಾಕು’ ಎಂದರು. ಅವಳು ‘ಇನ್ನೊಂದ ಸಾಲು ಅದರಿ’ ಎಂದು ಅದನ್ನೂ ಓದಿ ಪುಸ್ತಕ ಮುಚ್ಚಿ ಅವರ ಕೈಗೇ ಕೊಟ್ಟಳು.

ಅವರು ಹೋದ ಮೇಲೆ ನೀನು ಕೋಣೆ ಸೇರಿದೆ. ನಾನು ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಅವಳನ್ನು ಹಿಡಿದು, ಬಾಯಿಗೆ ಬರುತ್ತಿದ್ದುದನ್ನು ಬಿಟ್ಟು ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ‘ಅವರು ಓದು ಅಂದ್ರು ಮಾವಶಿ. ನನಗ ಈಗ ಓದ್ಲಿಕ್ಕೆ ಬರ್ತದಲ್ಲ’ ಎಂದಳು. ಮತ್ತೆ ತಾನೇ, ‘ಲಗೂ ಬರೂದಿಲ್ಲ, ಅದು ಖರೇ’ ಎಂದಳು. ಅವಳ ತಲೆ ಸವರಿದೆ. ಪಾಟಿಯಿಂದ ಕುಟ್ಟಿದ ಕೈಯೇ ಅದು.

ಸಂಬಂಧ ತಪ್ಪಿತು, ನಿನಗೆ ನೋವಾಗಿದೆ. ನನಗೂ ಆಗಿದೆ. ಮುಂದಿನ ವರ ಬರುವ ತನಕ ಅವಳನ್ನು ಹೇಗೆ ಇಟ್ಟುಕೊಳ್ಳುತ್ತೀಯೋ ನಿನ್ನ ಮನಸ್ಸು, ಆದರೆ ಪುಸ್ತಕಗಳನ್ನು ಅಟ್ಟದಿಂದ ಇಳಿಸು. ಈಗ ಬಿಟ್ಟರೆ ಕಲಿತದ್ದೂ ಹೋದೀತು. ಜೂನಿನಲ್ಲಿ ಕಳಿಸು, ಇನ್ನೊಂದು ವರ್ಷ ನನ್ನ ಹತ್ತಿರ ಇರಲಿ. ಅವಳಿಂದ ನನಗೂ ಉಪಯೋಗವಿದೆ. ತಡವರಿಸುವ ಸಣ್ಣ ಹುಡುಗಿಯರ ಪಕ್ಕ ಅವಳನ್ನು ಕೂರಿಸಬೇಕೆಂದಿದ್ದೇನೆ. ನನಗೆ ಸುಮ್ಮನೆ ಕಾಯಲು ಬರುವುದಿಲ್ಲ, ಅವಳಿಗೆ ಬಂದೀತು. ಈ ವರ್ಷ ತಪಾಸಣೆಗೆ ಯಾರಿಗೂ ಬಾಯಿಪಾಠ ಮಾಡಿಸುವುದಿಲ್ಲ. ಎಷ್ಟು ಜನ ನಪಾಸಾಗುತ್ತಾರೋ ಆಗಲಿ, ಸಾಹೇಬರು ನನ್ನನ್ನು ಯಾವ ಊರಿಗೆ ಎತ್ತಿ ಹಾಕುತ್ತಾರೋ ಹಾಕಲಿ. ಇದನ್ನು ಧೈರ್ಯವೆಂದು ತಿಳಿಯಬೇಡ. ಸುಳ್ಳು ನಡೆಸಿ ನಡೆಸಿ ನನಗೆ ಸಾಕಾಗಿದೆ.

ಕಣ್ಣು ಮತ್ತೆ ಉರಿಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಸದಾಶಿವರಾಯರಿಗೆ ನಮಸ್ಕಾರ ಹೇಳು. ನೀನು ಬೈದರೂ ನನಗೆ ಇರುವವಳು ನೀನೊಬ್ಬಳೇ ತಂಗಿ.

ನಿನ್ನ ಅಕ್ಕ,
ಭಾಗೀರಥಿ

ತಾ. ಕ.: ಲಕೋಟೆಯ ಮೇಲೆ ಬೇಕೆಂದೇ ಇಂದೂನ ಹೆಸರು ಬರೆದಿದ್ದೇನೆ. ಆದ್ದರಿಂದ ಇದನ್ನು ಇಲ್ಲಿಯ ತನಕ ನಿನಗೆ ಓದಿ ಹೇಳಿದವಳು ಅವಳೇ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ, ಎರಡು ಮಧ್ಯಾಹ್ನವೇ ಆಗಿರಬಹುದು. ಅವಳು ತಡೆದಲ್ಲೆಲ್ಲ ನೀನು ಕಾದೆ, ಹೇಳಿಕೊಡಲು ನಿನಗೆ ಬರುತ್ತಿರಲಿಲ್ಲ. ನನಗಿಂತ ನೀನೇ ಒಳ್ಳೆಯ ಸಾಲಿ ಬಾಯಿ.

ಇಂದೂ, ನಡುವೆ ಅವ್ವನ ಮಾಘದ ಪತ್ರದ ಒಂದು ಸಾಲನ್ನು ನೀನು ಓದದೆ ಬಿಟ್ಟಿರಬಹುದು. ಬಿಟ್ಟಿದ್ದರೆ ಹಿಂದಕ್ಕೆ ಹೋಗಿ ಅದನ್ನೂ ಅವ್ವನಿಗೆ ಓದಿ ಹೇಳು. ಸರೂ, ಅದನ್ನು ಕೇಳಿದ ಮೇಲೆ ನಿನಗೆ ಏನಾದರೂ ಹೇಳಬೇಕೆನಿಸಿದರೆ ಎದುರಿಗೆ ಕುಳಿತಿದ್ದಾಳಲ್ಲ, ಅವಳಿಗೆ ಹೇಳು. ನನಗೆ ಬರೆಸುವ ಕಾರಣವಿಲ್ಲ.